ಅಪ್‌ಡೇಟ್: 'ಪರ್ಡಿಡೋ ಸ್ಟ್ರೀಟ್ ಸ್ಟೇಷನ್' ಓದಿ ಮುಗಿಸಿದೆ

ಚೈನಾ ಮಿಯೆವಿಲ್ ಅವರ ಈ ಕಾದಂಬರಿ (2000) ಶುರುವಿನಲ್ಲಿ ತುಂಬಾ ನಿಧಾನ, ಕಥೆಗಿಂತ ಊರಿನ ಕೊಳಕಿನ ವರ್ಣನೆಯೇ ಜಾಸ್ತಿ, ಮುಂದುವರಿಸಲಾ ಬಿಡಲಾ ಅಂತ ಕೇಳಿದ್ದೆ. ಸುಮಾರು ಜನ ಬಿಡಬೇಡಿ ಅಂದಿರಿ. ತುಂಬಾ ಥ್ಯಾಂಕ್ಸ್!

ರೆಕ್ಕೆ ಕಳೆದುಕೊಂಡ ಗರುಡ ಜನಾಂಗದ ಯಾಗರೆಕ್ ಮತ್ತೆ ಹಾರುವ ಹಾಗೆ ಮಾಡಬೇಕು ಅಂತ ವಿಜ್ಞಾನಿ ಐಸಾಕ್ ಹಾರುವ ಜೀವಿಗಳನ್ನೆಲ್ಲ ಕೂಡಿಹಾಕುತ್ತಾನೆ, ಅದರಲ್ಲಿದ್ದ ಒಂದು ಹುಳು ಪತಂಗವಾಗಿ ತಪ್ಪಿಸಿಕೊಳ್ಳುತ್ತದೆ ನೋಡಿ, ಅಲ್ಲಿಂದ ಪುಸ್ತಕ ಕೆಳಗಿಡೋಕೆ ಆಗಲಿಲ್ಲ. ಅದರ ರೆಕ್ಕೆಯ ಮೇಲೆ ಚಿತ್ತಾರ ಹರಿದಾಡುತ್ತಿರುತ್ತದೆ. ನೋಡಿದವರು ನಿಂತಲ್ಲೇ ನಿಂತುಬಿಡುತ್ತಾರೆ, ಅದು ಬಂದು ಅವರ ಮನಸ್ಸನ್ನೇ ಹೀರಿಬಿಡುತ್ತದೆ. ದೇಹ ಉಸಿರಾಡುತ್ತಿರುತ್ತದೆ, ಒಳಗೆ ಯಾರೂ ಇಲ್ಲ. ಹಾಗಾಗಿ ಕನ್ನಡಿ ಜೋಡಿಸಿದ ಹೆಲ್ಮೆಟ್ ಹಾಕಿಕೊಂಡು, ಬೆನ್ನು ತಿರುಗಿಸಿಯೇ ಅದರ ಜೊತೆ ಹೋರಾಡಬೇಕು.

ಇಷ್ಟಾದರೂ ಪತಂಗಗಳಿಗಿಂತ ನ್ಯೂ ಕ್ರೊಬುಝಾನ್ ಅನ್ನೋ ಆ ಊರೇ ನನಗೆ ಜಾಸ್ತಿ ಭಯ ಹುಟ್ಟಿಸಿತು. ತಪ್ಪು ಮಾಡಿದವರ ಮೈಗೆ ಪ್ರಾಣಿಯ ಅಂಗವನ್ನೋ ಯಂತ್ರವನ್ನೋ ಜೋಡಿಸುವುದು ಅಲ್ಲಿನ ಶಿಕ್ಷೆ. ಬಂದರಿನಲ್ಲಿ ಕೆಲಸ ಮಾಡುವ, ಕಪ್ಪೆಯಂಥ ನೀರಿನ ಜನಾಂಗದ ವೊಡ್ಯನೊಯ್ ಕೂಲಿಗಳು ಮುಷ್ಕರ ಹೂಡಿ, ನದಿಯ ನೀರನ್ನೇ ಸೀಳಿ ಕಂದಕ ಮಾಡಿ ಹಡಗು ತಡೆಯುತ್ತಾರಲ್ಲ, ಸರ್ಕಾರ ಅದನ್ನು ಹೊಸಕಿಹಾಕುವ ಭಾಗ ಓದಿ ಸಿಟ್ಟೂ ಬಂತು, ಸಂಕಟವೂ ಆಯ್ತು. ಶುರುವಿನ ಆ ವರ್ಣನೆ ಇಲ್ಲದಿದ್ದರೆ ಇದು ಇಷ್ಟು ತಟ್ಟುತ್ತಿರಲಿಲ್ಲ.

ಕೊನೆ ಹೇಳಲ್ಲ, ಓದದವರಿದ್ದೀರಿ. ಸುಖಾಂತ ಮಾತ್ರ ಅಲ್ಲ. ಐಸಾಕ್‌ನ ಪ್ರೇಯಸಿ ಲಿನ್ ವಿಷಯದಲ್ಲಿ ಲೇಖಕರು ಸ್ವಲ್ಪ ಕರುಣೆ ತೋರಿಸಬಹುದಿತ್ತು, ಅಲ್ವಾ? ಈಗ ಅದೇ ಲೋಕದ 'ದಿ ಸ್ಕಾರ್' (2002) ಶುರು ಮಾಡಿದ್ದೇನೆ, ಇದರಲ್ಲಿ ಹಡಗುಗಳನ್ನು ಒಂದಕ್ಕೊಂದು ಕಟ್ಟಿ ಮಾಡಿದ ತೇಲುವ ಊರಿದೆ.