ಕೆರೆ ಏರಿ ಬುಡದಲ್ಲಿ ನೀರು ಒಸರ್ತಿದೆ, ಬೇವಿನ ಮರ ಕಡಿಸೋದಾ?

ಕೆರೆ ಕೆಳಗಿನವ, ಚನ್ನಗಿರಿ ತಾಲ್ಲೂಕು
ನಮ್ಮೂರ ಕೆರೆ ಏರಿ ಮಣ್ಣಿಂದು. ಯಾವ ಕಾಲದ್ದು ಅಂತ ನಮ್ಮಜ್ಜನಿಗೂ ಗೊತ್ತಿರಲಿಲ್ಲ. ಊರಿಗೆ ಕುಡಿಯೋ ನೀರು ಕೊಡೋ ಬೋರು ಏರಿ ಕೆಳಗೇ ಇದೆ. ಕೆರೆ ತುಂಬಿದರೆ ಬೋರು, ಬತ್ತಿದರೆ ಟ್ಯಾಂಕರ್. ಈ ಸಲ ಕೋಡಿ ಬಿತ್ತು, ಬಾಗಿನ ಬಿಟ್ಟು ಬಂದ್ವಿ. ಮೊನ್ನೆ ದನ ಹೊಡ್ಕೊಂಡು ಹೋದಾಗ ನೋಡ್ತೀನಿ, ಕೆರೆ ನೀರು ಹೊರಗೆ ಬಿಡೋ ತೂಬಿನ ಬಲಕ್ಕೆ, ಏರಿ ಬುಡದಲ್ಲಿ, ಚಾಪೆ ಹಾಸಿದಷ್ಟು ಜಾಗ ಕಾಲಿಟ್ಟರೆ ಪಚಕ್ ಅಂತ ಇಳಿಯುತ್ತೆ. ಮೇಲೆ ದೊಡ್ಡ ಬೇವಿನ ಮರ. ಎಲ್ಲಾ ಅದರ ಬೇರಿಂದಾನೇ, ಮರ ಕಡಿಸಿ, ಒಸರೋ ಕಡೆ ಜೇಡಿಮಣ್ಣು ಬಡಿದು ಮುಚ್ಚೋಣ ಅಂತಾರೆ ಊರಲ್ಲಿ. ತಿಳಿದವರು ಹೇಳಿ.

ಅಡಿಕೆ ತೋಟ
ಹೆದರಬೇಡಿ ಅಣ್ಣ. ಸೂಳೆಕೆರೆ ಏರಿನೂ ಮಣ್ಣಿಂದೇ, ಎಂಟುನೂರು ವರ್ಷ ದಾಟಿದೆ. ಚಿತ್ರದುರ್ಗಕ್ಕೆ ಕುಡಿಯೋಕೆ ಅದರ ನೀರು ಹೋಗುತ್ತೆ. ಮಣ್ಣೇರಿ ಅಂದಮೇಲೆ ಸ್ವಲ್ಪ ಒಸರುತ್ತೆ.

ನಿವೃತ್ತ ಇಂಜಿನಿಯರ್
ಒಸರುತ್ತೆ, ನಿಜ. ಆದರೆ ಸೂಳೆಕೆರೆ ಹೋಲಿಕೆ ಬೇಡ. ಅದು ಎರಡು ಗುಡ್ಡದ ಸಂದಿಗೆ ಅಡ್ಡ ಕಟ್ಟಿದ ಭಾರೀ ದಪ್ಪದ ಏರಿ.

ತಮ್ಮಾ, ಮೊದಲು ನೀರಿನ ಬಣ್ಣ ನೋಡು. ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಡು. ತಿಳಿಯಾಗಿಯೇ ಇದ್ದರೆ ದಿನಾ ಗಮನಿಸಿದರೆ ಸಾಕು. ತಳದಲ್ಲಿ ಮಣ್ಣು ಕೂತರೆ ಏರಿ ಒಳಗೆ ನೀರು ಮಣ್ಣು ಕಿತ್ತುಕೊಂಡು ಬಿಲ ಮಾಡ್ತಿದೆ ಅಂತ ಅರ್ಥ. ತೂಬಿನ ಪಕ್ಕದಲ್ಲೇ ಇದು ಹೆಚ್ಚು. ಕಲ್ಲುಕಟ್ಟಡಕ್ಕೂ ಮಣ್ಣಿಗೂ ಬೆಸುಗೆ ಸಡಿಲ ಇರುತ್ತೆ.

ಜೇಡಿಮಣ್ಣು ಮಾತ್ರ ಬಡೀಬೇಡಿ. ದಾರಿ ಕಟ್ಟಿದರೆ ನೀರು ಏರಿಯೊಳಗೇ ನಿಂತು, ಒತ್ತಡ ಏರಿ, ಇನ್ನೊಂದು ಕಡೆ ಒಡೆಯುತ್ತೆ. ಒಸರೋ ಜಾಗಕ್ಕೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಕಲ್ಲು ಹೇರಿ. ನೀರು ಬರಲಿ, ಮಣ್ಣು ಬರಬಾರದು. ಮರ ಈಗ ಕಡಿಯೋದೂ ಬೇಡ. ಬೇರು ಒಳಗೇ ಕೊಳೆತು ಕೊಳವೆಯಾಗುತ್ತೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಬುಡಸಮೇತ ಅಗೆದು, ಪದರ ಪದರವಾಗಿ ಮಣ್ಣು ದಮ್ಮಸು ಮಾಡಿಸಿ.

ರತ್ನಗಿರಿ ಜಿಲ್ಲೆಯ ತಿವರೆ ಅಣೆ ಸೋರ್ತಿದೆ ಅಂತ ಊರಿನವರು ಮೊದಲೇ ದೂರಿದ್ದರು. 2019ರ ಜುಲೈನಲ್ಲಿ ರಾತ್ರೋರಾತ್ರಿ ಒಡೆದು ಮನೆಗಳನ್ನೇ ಹೊತ್ತೊಯ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣೋ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯಿತಿಗೆ ಬರವಣಿಗೆಯಲ್ಲೇ ಕೊಡಿ, ಫೋಟೋ ಸಮೇತ.

ಕೆರೆ ಕೆಳಗಿನವ
ಸರ್, ನೀವು ಹೇಳಿದ ಹಾಗೇ ಲೋಟ ಇಟ್ಟಿದ್ದೆ. ಬೆಳಿಗ್ಗೆ ತಳದಲ್ಲಿ ಉಗುರಿನಷ್ಟು ದಪ್ಪ ಕೆಂಪು ಗಸಿ ಕೂತಿತ್ತು. ಲೋಟಾನೇ ಎತ್ತಿಕೊಂಡು ಪಂಚಾಯಿತಿಗೆ ಹೋದೆ. ಅರ್ಜಿ ಕೊಟ್ಟಾಯ್ತು, ಮಧ್ಯಾಹ್ನ ಎರಡು ಟ್ರ್ಯಾಕ್ಟರ್ ಮರಳೂ ಬಂತು. ತೂಬು ಪೂರ್ತಿ ಎತ್ತಿ ಕೆರೆ ಇಳಿಸಿಬಿಡಲಾ?

ನಿವೃತ್ತ ಇಂಜಿನಿಯರ್
ಪೂರ್ತಿ ಬೇಡ ತಮ್ಮಾ. ನೀರು ಒಮ್ಮೆಲೇ ಇಳಿದರೆ ನೆನೆದ ಏರಿ ಕೆರೆಯೊಳಕ್ಕೆ ಜಾರುತ್ತೆ. ಸ್ವಲ್ಪ ಸ್ವಲ್ಪ ಬಿಡು. ರಾತ್ರಿ ಟಾರ್ಚ್ ಕೊಟ್ಟು ಇಬ್ಬರನ್ನ ಕಾವಲಿಗೆ ಕೂರಿಸು. ಕೆಂಪು ಹೆಚ್ಚಾದರೆ ಮೊದಲು ಕೆಳಗಿನ ಮನೆಯವರನ್ನ ಎಬ್ಬಿಸಿ ಮೇಲಕ್ಕೆ ಕಳಿಸು, ಆಮೇಲೆ ನನಗೆ ಫೋನ್ ಮಾಡು.