ತೂಕ ಸೇರಿಸಿದ ಕೂಡ್ಲೇ ಪಿ ವ್ಯಾಲ್ಯೂ 0.0003 ಇಂದ 0.988 ಆಗೋಯ್ತು, ಯಾಕೆ?

ಬಿಕಾಂ_ಟು_ಡೇಟಾ:
ಎಲ್ರಿಗೂ ನಮಸ್ಕಾರ. ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಜೊತೆಗೇ ಬರೋ ಎಂಟಿಕಾರ್ಸ್ ಡೇಟಾದಲ್ಲಿ ರಿಗ್ರೆಷನ್ (ಒಂದು ಬದಲಾದ್ರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಂದಾಜು ಮಾಡೋದು) ಕಲೀತಿದೀನಿ, 1974ರ ಮೋಟರ್ ಟ್ರೆಂಡ್ ಪತ್ರಿಕೆಯಿಂದ ತಗೊಂಡ 32 ಕಾರುಗಳದ್ದು. ಮೈಲೇಜಿಗೆ ಬರೀ ಗೇರ್ ಟೈಪ್ ಹಾಕಿದ್ರೆ ಮ್ಯಾನ್ಯುಯಲ್ ಗಾಡಿ ಗ್ಯಾಲನ್‌ಗೆ 7.2 ಮೈಲಿ ಜಾಸ್ತಿ ಕೊಡುತ್ತೆ ಅಂತ ಬಂತು, ಪಿ 0.0003. ಆಮೇಲೆ ತೂಕನೂ ಸೇರಿಸಿದೆ ನೋಡಿ, ಆ 7.2 ಹೋಗಿ −0.02, ಪಿ 0.988! ಹಾಗಾದ್ರೆ ಮೊದಲನೇದು ಸುಳ್ಳಾ? ಗೇರಿಗೂ ಮೈಲೇಜಿಗೂ ಸಂಬಂಧ ಇಲ್ಲ ಅನ್ನೋದು 98.8% ಪಕ್ಕಾ ಅಂತ ಅಸೈನ್‌ಮೆಂಟಲ್ಲಿ ಬರೀಬಹುದಾ?

ಗೆರೆ_ಎಳೆಯೋನು:
ಸುಳ್ಳಲ್ಲ, ನೀವು ಕೇಳಿರೋ ಪ್ರಶ್ನೆನೇ ಬದಲಾಗಿದೆ. ಮೊದಲು ಕೇಳಿದ್ದು ಎರಡು ಗುಂಪಿನ ಸರಾಸರಿ ಮೈಲೇಜ್ ಎಷ್ಟು ಬೇರೆ ಅಂತ, ಆಟೋಮ್ಯಾಟಿಕ್ 17.1 ಮ್ಯಾನ್ಯುಯಲ್ 24.4, ಅದು ಇದ್ದಂಗೇ ಇದೆ. ಆಮೇಲೆ ಕೇಳಿದ್ದು ಒಂದೇ ತೂಕದ ಗಾಡಿಗಳಲ್ಲಿ ಗೇರಿಂದ ಏನು ವ್ಯತ್ಯಾಸ ಅಂತ. ಗುಂಪಿನ ತೂಕ ನೋಡಿ, ಆಟೋಮ್ಯಾಟಿಕ್ ಸರಾಸರಿ 3770 ಪೌಂಡ್ ಹತ್ರ, ಮ್ಯಾನ್ಯುಯಲ್ 2410. ಲಿಂಕನ್, ಕ್ಯಾಡಿಲಾಕ್ ಥರ ಭಾರದ ಗಾಡಿಗಳು ಆ ಕಡೆ, ಹೋಂಡಾ ಸಿವಿಕ್, ಫಿಯಟ್ 128 ಈ ಕಡೆ. ತೂಕದ ಪರಿಣಾಮ ಎಲ್ಲ ಗೇರಿನ ಖಾತೆಗೆ ಜಮಾ ಆಗಿತ್ತು.

ಮೈಸೂರ್_ಸ್ಟ್ಯಾಟ್ಸ್:
98.8% ಪಕ್ಕಾ ಅಂತ ಮಾತ್ರ ದಯವಿಟ್ಟು ಬರೀಬೇಡಿ! ಪಿ ವ್ಯಾಲ್ಯೂ ನಲ್ ಹೈಪಾಥಿಸಿಸ್ (ವ್ಯತ್ಯಾಸನೇ ಇಲ್ಲ ಅನ್ನೋ ಊಹೆ) ನಿಜ ಆಗಿರೋ ಚಾನ್ಸ್ ಅಲ್ಲ. ಗೇರಿಂದ ವ್ಯತ್ಯಾಸ ಸೊನ್ನೆ ಅಂತಲೇ ಇಟ್ಕೊಂಡ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಡೇಟಾದಲ್ಲಿ ಸುಮ್ನೆ ಆಕಸ್ಮಿಕವಾಗಿ ಕಾಣೋ ಚಾನ್ಸ್ ಎಷ್ಟು, ಅದನ್ನ ಹೇಳುತ್ತೆ. 95% ಕಾನ್ಫಿಡೆನ್ಸ್ ಇಂಟರ್ವಲ್ (ಡೇಟಾಗೆ ಹೊಂದೋ ವ್ಯತ್ಯಾಸಗಳ ವ್ಯಾಪ್ತಿ) ತೆಗೀರಿ, −3.2 ಇಂದ +3.1 ಬರುತ್ತೆ, ಅಂದ್ರೆ ಮೂರು ಮೈಲಿ ಲಾಭನೂ ಇರಬಹುದು ಮೂರು ಮೈಲಿ ನಷ್ಟನೂ ಇರಬಹುದು, 32 ಗಾಡಿ ಇಟ್ಕೊಂಡು ಯಾವ್ದು ಅಂತ ಹೇಳಕ್ಕಾಗಲ್ಲ. "ಸಂಬಂಧ ಇದೆ ಅನ್ನೋಕೆ ಸಾಕ್ಷಿ ಸಾಲ್ದು" ಅಂತ ಬರೀರಿ.

ಬಿಕಾಂ_ಟು_ಡೇಟಾ:
ಥ್ಯಾಂಕ್ಸ್ ಇಬ್ರಿಗೂ, ತೂಕದ ವಿಷಯ ಅರ್ಥ ಆಯ್ತು. ಆದ್ರೆ ಈಗ ಕಾಲು ಮೈಲಿ ಓಡೋಕೆ ಹಿಡಿಯೋ ಸೆಕೆಂಡ್ ಕಾಲಮ್ಮೂ ಸೇರಿಸಿದ್ರೆ ಗೇರಿಗೆ +2.9 ಬರ್ತಿದೆ, ಪಿ 0.047. ಇದನ್ನೇ ಫೈನಲ್ ಮಾಡ್ಲಾ?

ಮೈಸೂರ್_ಸ್ಟ್ಯಾಟ್ಸ್:
0.05 ಕೆಳಗೆ ಇಳೀತು ಅನ್ನೋ ಒಂದೇ ಕಾರಣಕ್ಕಾದ್ರೆ ಬೇಡ. ಕಾಲಮ್ ಹಾಕಿ ತೆಗೆದು, ಬೇಕಾದ್ದು ಬಂದಾಗ ನಿಲ್ಲಿಸಿದ್ರೆ ಆ ಪಿ ವ್ಯಾಲ್ಯೂಗೆ ಹೇಳಿದ ಅರ್ಥ ಉಳಿಯಲ್ಲ. ಮೂರೂ ಮಾಡೆಲ್ ಒಂದೇ ಟೇಬಲಲ್ಲಿ ಕೊಟ್ಟು ಯಾವ ಕಾಲಮ್ ಯಾಕೆ ಸೇರಿಸಿದ್ರಿ ಅಂತ ಬರೀರಿ, ರೆಸಿಡ್ಯುಯಲ್ ಪ್ಲಾಟ್ (ನಿಜವಾದ ಮೈಲೇಜ್ ಮಾಡೆಲ್ ಅಂದಾಜಿಂದ ಎಷ್ಟು ದೂರ ಅಂತ ತೋರಿಸೋ ಚಿತ್ರ) ಕೂಡ ಹಾಕಿ, ಈ ಡೇಟಾದಲ್ಲಿ ತೂಕ-ಮೈಲೇಜ್ ಗೆರೆ ಸ್ವಲ್ಪ ಬಾಗಿದೆ.