ಸಹಾಯ ಬೇಕು: ಬೇರೆ ಜಾತಿ, ಡೈವೋರ್ಸ್ ಆಗಿರೋ ಹುಡುಗಿ, ಮನೇಲಿ ಹೇಗ್ ಹೇಳೋದು?

ಎಲ್ರಿಗೂ ನಮಸ್ಕಾರ. ನಮ್ದು ಮಂಡ್ಯ ಕಡೆ, ಒಕ್ಕಲಿಗರು, ಕೆಲಸ ಮೈಸೂರಲ್ಲಿ. ನಾನ್ ಇಷ್ಟಪಟ್ಟಿರೋ ಹುಡುಗಿ ಚಾಮರಾಜನಗರ ಕಡೆಯೋಳು, ದಲಿತ ಕುಟುಂಬ, ನರ್ಸು, ಒಂದ್ಸಲ ಮದ್ವೆ ಆಗಿ ಡೈವೋರ್ಸ್ ಆಗಿದೆ, ಇದೆಲ್ಲ ಶುರುನಲ್ಲೇ ಅವಳೇ ಹೇಳಿದ್ಲು. ಜಾತಿಗೆ ನಾನ್ ಯಾವತ್ತೂ ತಲೆ ಕೆಡಿಸ್ಕೊಂಡಿಲ್ಲ ಆದ್ರೆ ಆ ಹಳೇ ಗಂಡನ ವಿಷ್ಯ ಮಾತ್ರ ರಾತ್ರಿಯಾದ್ರೆ ತಲೇಲಿ ಓಡ್ತಾನೇ ಇರುತ್ತೆ, ಯಾಕೆ ಅಂತ ನಂಗೇ ಗೊತ್ತಾಗ್ತಿಲ್ಲ. ನಮ್ಮವ್ವಂಗೆ ಉಲ್ಟಾ, ಜಾತೀನೇ ದೊಡ್ಡದು. ಅಪ್ಪಂಗೆ ಎರಡೂ (ನಮ್ ಚಿಕ್ಕಪ್ಪ ಎರಡನೇ ಮದ್ವೆ ಆದಾಗ ಒಬ್ರೂ ತುಟಿಪಿಟಕ್ ಅಂದಿರ್ಲಿಲ್ಲ, ಗಂಡಸರಿಗೆ ಓಕೆ ಅಂತೆ).

ಕಾನೂನು ವಿಚಾರಿಸ್ದೆ, ಇಬ್ರೂ ಹಿಂದೂ ಆದ್ರೆ 1955ರ ಹಿಂದೂ ವಿವಾಹ ಕಾಯ್ದೇಲೇ ಆಗ್ಬಹುದು, ಜಾತಿ ಅಡ್ಡಿ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಅಂದ್ರೆ 30 ದಿನ ನೋಟಿಸು, ಅದೂ ಆಫೀಸಲ್ಲಿ ಎಲ್ರಿಗೂ ಕಾಣೋ ಹಾಗೆ ಅಂಟಿಸ್ತಾರೆ, ನಮ್ಮೂರೋರ ಕಣ್ಣಿಗೆ ಬಿದ್ರೆ ಕಥೆ ಮುಗೀತು.

ಇಂಥ ಮದ್ವೆ ಆಗಿರೋರು ಯಾರಾದ್ರೂ ಇದೀರಾ? ಮನೇಲಿ ಎರಡೂ ಒಟ್ಟಿಗೆ ಹೇಳಿದ್ರಾ, ಒಂದೊಂದಾಗಿ ಹೇಳಿದ್ರಾ? ನನ್ ತಲೇಲಿ ಓಡೋದನ್ನ ಅವಳಿಗೆ ಹೇಳ್ಲಾ ಬೇಡ್ವಾ? ಬಿಟ್ಬಿಡು ಗುರು, ಬೇರೆ ಹುಡುಗಿ ನೋಡು ಅನ್ನೋರು ದಯವಿಟ್ಟು ಕಾಮೆಂಟ್ ಹಾಕ್ಬೇಡಿ. ಇನ್‌ಬಾಕ್ಸ್ ಮಾಡಿದ್ರೂ ನಡೆಯುತ್ತೆ.